ಹಳೆಯ ಬೇಲಿಗಳ ನಡುವೆ ಹೊಸ ಆಸ್ಪತ್ರೆ

ಇಂಗ್ಲೆಂಡಿನ ನೈರುತ್ಯದಲ್ಲಿರುವ ಡೆವನ್ ಪ್ರಾಂತವನ್ನು ಎತ್ತರದಿಂದ ನೋಡಿದರೆ ಹಸಿರು ಕೌದಿ ಹಾಸಿದಂತೆ ಕಾಣುತ್ತದೆ. ಕೌದಿಯ ಹೊಲಿಗೆಗಳೇ ಅಲ್ಲಿನ ಬೇಲಿಗಳು. ಕಲ್ಲುಮಣ್ಣಿನಿಂದ ಕಟ್ಟಿದ ಎತ್ತರದ ಬದು, ಅದರ ಮೇಲೆ ಹೇಜಲ್, ಹಾಥಾರ್ನ್, ಬ್ಲ್ಯಾಕ್‌ಥಾರ್ನ್ ಪೊದೆಗಳು, ಅಲ್ಲಲ್ಲಿ ಓಕ್ ಮರಗಳು. ಈ ಒಂದು ಪ್ರಾಂತದಲ್ಲೇ ಇವುಗಳ ಒಟ್ಟು ಉದ್ದ ಸುಮಾರು 53,000 ಕಿಲೋಮೀಟರ್. ಭೂಮಧ್ಯರೇಖೆಯನ್ನು ಒಮ್ಮೆ ಸುತ್ತಿ ಬಂದರೂ ಇನ್ನೂ ಉಳಿಯುತ್ತದೆ! ಅನೇಕ ಬೇಲಿಗಳು ಮಧ್ಯಯುಗದವು. ಸುಮಾರು 27 ಮೀಟರ್ ಉದ್ದದಲ್ಲಿ ಎಷ್ಟು ಜಾತಿಯ ಮರಪೊದೆಗಳಿವೆಯೋ ಬೇಲಿಗೆ ಅಷ್ಟು ಶತಮಾನಗಳ ವಯಸ್ಸು ಎಂಬ ಸೂತ್ರವನ್ನು ಮ್ಯಾಕ್ಸ್ ಹೂಪರ್ ಎಂಬ ವಿಜ್ಞಾನಿ ಕೊಟ್ಟಿದ್ದರು. ಅದು ಒರಟು ಅಂದಾಜು ಮಾತ್ರ; ಭೌತಶಾಸ್ತ್ರದ ನಿಯಮದಂತೆ ನಂಬುವಂಥದ್ದಲ್ಲ.

ಇಂಥ ನೆಲದಲ್ಲಿ ಒಂದು ಸಾರ್ವಜನಿಕ ಆಸ್ಪತ್ರೆ ಕಟ್ಟಬೇಕಾಗಿದೆ ಎಂದುಕೊಳ್ಳಿ. ಜಾಗದ ವಿನ್ಯಾಸ ನಿಮ್ಮ ಹೊಣೆ. ಕಟ್ಟಡವನ್ನು ಎಲ್ಲಿಡುತ್ತೀರಿ? ನಕಾಶೆಯ ಮೇಲೆ ಮೊದಲು ಕಟ್ಟಡ ಬರೆದು, ಅಡ್ಡ ಬಂದ ಬೇಲಿ ತೆಗೆದು, ಉಳಿದ ಜಾಗದಲ್ಲಿ ಗಿಡ ನೆಡುವುದು ರೂಢಿಯ ಕ್ರಮ. ಇಲ್ಲಿ ಇದನ್ನು ತಿರುಗಿಸಬೇಕಾಗುತ್ತದೆ. ಬೇಲಿಗಳನ್ನು ಮೊದಲು ಗುರುತಿಸಿ, ಅವುಗಳ ನಡುವಿನ ಹೊಲದೊಳಗೆ ಕಟ್ಟಡವನ್ನು ಹೊಂದಿಸಬೇಕು. ಏಕೆಂದರೆ ಈ ಬೇಲಿ ಹಲವು ಕೆಲಸ ಮಾಡುವ ಯಂತ್ರವಿದ್ದಂತೆ.

ಗಾಳಿಯನ್ನೇ ನೋಡೋಣ. ಗಟ್ಟಿ ಗೋಡೆಗೆ ಬಡಿದ ಗಾಳಿ ಮೇಲೇರಿ, ಗೋಡೆಯ ಹಿಂದೆ ಸುಳಿಸುಳಿಯಾಗಿ ಇಳಿಯುತ್ತದೆ. ಸುಮಾರು ಅರ್ಧದಷ್ಟು ಸಂದುಗಳಿರುವ ಬೇಲಿಯಲ್ಲಾದರೋ ಸ್ವಲ್ಪ ಗಾಳಿ ನುಸುಳಿ ಹೋಗುತ್ತದೆ, ಸುಳಿಗಳು ಬಲಗೊಳ್ಳುವುದಿಲ್ಲ. ಇದರ ಆಸರೆ ಬೇಲಿಯ ಎತ್ತರದ ಹತ್ತು ಪಟ್ಟು ದೂರದವರೆಗೂ ಚೆನ್ನಾಗಿ ಸಿಗುತ್ತದೆ. ಮೂರು ಮೀಟರ್ ಎತ್ತರದ ಬೇಲಿಯಿದ್ದರೆ ಮೂವತ್ತು ಮೀಟರ್ ಅಗಲದ ಅಂಗಳದಲ್ಲಿ ರೋಗಿಗಳು ಚಳಿಗಾಳಿಯ ಹೊಡೆತವಿಲ್ಲದೆ ಕುಳಿತುಕೊಳ್ಳಬಹುದು.

ನೀರಿನ ಲೆಕ್ಕ ಇನ್ನೂ ಸರಳ. ಒಂದು ಹೆಕ್ಟೇರ್ ಡಾಂಬರಿನ ವಾಹನ ನಿಲ್ದಾಣದ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರು. ಅದು ಎಲ್ಲಿಗೆ ಹೋಗಬೇಕು? ವೇಲ್ಸ್‌ನ ಪಾಂಟ್‌ಬ್ರೆನ್ ಎಂಬಲ್ಲಿ ಅಳತೆ ಮಾಡಿದಾಗ, ಮರಗಳನ್ನು ನೆಟ್ಟ ಪಟ್ಟಿಗಳಲ್ಲಿ ನೀರು ಇಂಗುವ ವೇಗ ಪಕ್ಕದ ಕುರಿ ಮೇಯುವ ಹುಲ್ಲುಗಾವಲಿಗಿಂತ 60 ಪಟ್ಟಿನವರೆಗೂ ಹೆಚ್ಚಿತ್ತು. ಆದ್ದರಿಂದ ಇಳಿಜಾರಿಗೆ ಅಡ್ಡವಾಗಿರುವ ಬೇಲಿಯನ್ನು ಉಳಿಸಿಕೊಂಡು, ಅದರ ಮೇಲ್ಬದಿಯಲ್ಲಿ ಹುಲ್ಲು ಬೆಳೆದ ಆಳವಿಲ್ಲದ ಕಾಲುವೆ ಮಾಡಿದರೆ ನೀರು ನಿಧಾನವಾಗಿ ಇಂಗುತ್ತದೆ. ಕಾಲುವೆಯನ್ನು ಬೇರಿನಿಂದ ದೂರವಿಡಬೇಕು. ಬ್ರಿಟಿಷ್ ಮಾನಕದ ಪ್ರಕಾರ ಕಾಂಡದ ವ್ಯಾಸದ 12 ಪಟ್ಟು ತ್ರಿಜ್ಯದೊಳಗೆ ಅಗೆಯುವಂತಿಲ್ಲ, ಭಾರದ ಯಂತ್ರ ಓಡಿಸುವಂತಿಲ್ಲ. 60 ಸೆಂಟಿಮೀಟರ್ ವ್ಯಾಸದ ಓಕ್ ಮರಕ್ಕೆ 7.2 ಮೀಟರ್ ಆಯಿತು.

ನನಗೆ ಅತ್ಯಂತ ಕುತೂಹಲಕರವೆನಿಸುವುದು ಬಾವಲಿಗಳ ವಿಷಯ. ಕುದುರೆಲಾಳ ಬಾವಲಿ ಎಂಬ ಗುಂಪು ಡೆವನ್‌ನಲ್ಲಿದೆ (ಇದರ ಬಂಧುಗಳು ನಮ್ಮ ಪಶ್ಚಿಮ ಘಟ್ಟದ ಗುಹೆಗಳಲ್ಲೂ ಇವೆ). ಅವುಗಳಲ್ಲಿ ಚಿಕ್ಕ ಜಾತಿಯದು ಸುಮಾರು 110 ಕಿಲೋಹರ್ಟ್ಸ್ ಆವೃತ್ತಿಯ ಶ್ರವಣಾತೀತ ಧ್ವನಿ ಹೊರಡಿಸಿ, ಮರುದನಿ ಕೇಳಿ ದಾರಿ ಕಂಡುಕೊಳ್ಳುತ್ತದೆ. ತರಂಗದೂರ ಸುಮಾರು 3 ಮಿಲಿಮೀಟರ್ ಆದ್ದರಿಂದ ಸಣ್ಣ ಪತಂಗವೂ ಅದಕ್ಕೆ ಗೋಚರ. ಆದರೆ ಇದಕ್ಕೆ ತೆರಬೇಕಾದ ಬೆಲೆಯಿದೆ. ಇಷ್ಟು ಹೆಚ್ಚಿನ ಆವೃತ್ತಿಯ ಧ್ವನಿಯನ್ನು ಗಾಳಿ ಬೇಗ ಹೀರಿಬಿಡುತ್ತದೆ. ಮೀಟರಿಗೆ ಸುಮಾರು 3 ಡೆಸಿಬೆಲ್, ಎಂದರೆ ಪ್ರತಿ ಮೀಟರಿಗೂ ತೀವ್ರತೆ ಅರ್ಧ. ಐದು ಮೀಟರ್ ದೂರದ ವಸ್ತುವಿಗೆ ಹೋಗಿ ಬರುವ ಧ್ವನಿ ಹತ್ತು ಮೀಟರ್ ಸಾಗಬೇಕು. ಹೀರಿಕೆಯೊಂದರಿಂದಲೇ ಅದು ಸಾವಿರದಲ್ಲೊಂದು ಪಾಲಾಗುತ್ತದೆ. ಹಾಗಾಗಿ ಬಾವಲಿಗೆ ಬೇಲಿಯೇ ಕೈಹಿಡಿ. ಬಯಲಿಗೆ ಬಂದರೆ ಅದು ಮಂಜಿನಲ್ಲಿ ಸಿಕ್ಕ ದಾರಿಹೋಕನಂತೆ.

ಕಡಿದ ಬೇಲಿಯ ಬದಲಿಗೆ ಬೇರೊಂದು ದಾರಿ ಕೊಡಬಹುದಲ್ಲ ಎಂದು ನೀವು ಕೇಳಬಹುದು. ಉತ್ತರ ಇಂಗ್ಲೆಂಡಿನ ಹೆದ್ದಾರಿಗಳಲ್ಲಿ ಅದನ್ನೂ ಮಾಡಿ ನೋಡಿದ್ದಾರೆ. ರಸ್ತೆಯ ಮೇಲೆ ತಂತಿಯ ಸೇತುವೆ ಕಟ್ಟಿದರು, ಕೆಳಗೆ ಸುರಂಗದಾರಿ ಮಾಡಿದರು. ಆನ್ನಾ ಬರ್ತಿನುಸ್ಸೆನ್ ಮತ್ತು ಜಾನ್ ಆಲ್ಟ್ರಿಂಗ್‌ಹ್ಯಾಮ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ತಂತಿಸೇತುವೆಗಳು ನಿಷ್ಪ್ರಯೋಜಕವಾಗಿದ್ದವು. ಒಂದು ಸುರಂಗದಾರಿಯನ್ನು ಮಾತ್ರ ಅಲ್ಲಿನ 96% ಬಾವಲಿಗಳು ಬಳಸುತ್ತಿದ್ದವು. ಹಾರುವ ಎತ್ತರವನ್ನಾಗಲಿ ದಿಕ್ಕನ್ನಾಗಲಿ ಬದಲಿಸದೆ ಅದರೊಳಗೆ ಹೋಗಬಹುದಾಗಿತ್ತು. ಹಳೆಯ ದಾರಿಯಿಂದ ಬಾವಲಿಗಳನ್ನು ಬೇರೆಡೆಗೆ ತಿರುಗಿಸುವ ಯತ್ನಗಳು ಸೋತವು.

ಬೆಳಕೂ ಬೇಲಿಯನ್ನು ಕಡಿಯುತ್ತದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಬಾವಲಿಗಳ ದಾರಿಯ ಬೇಲಿಗಳ ಪಕ್ಕ ಸೋಡಿಯಂ ದೀಪ ಹಚ್ಚಿ ನೋಡಿ, ಓಡಾಟ ಬಹಳ ಕಡಿಮೆಯಾಯಿತೆಂದು 2009ರಲ್ಲಿ ತೋರಿಸಿದರು. ಎಲ್‌ಇಡಿ ದೀಪಗಳಾದರೆ 3.6 ಲಕ್ಸ್‌ನಷ್ಟು ಮಂದ ಬೆಳಕಿಗೇ ಅವು ಹಿಂಜರಿದವು. ಹುಣ್ಣಿಮೆಯ ಬೆಳದಿಂಗಳು ಸಾಮಾನ್ಯವಾಗಿ ಕಾಲು ಲಕ್ಸ್‌ನ ಆಸುಪಾಸು. ಆಸ್ಪತ್ರೆಗೆ ರಾತ್ರಿ ದೀಪ ಬೇಕೇ ಬೇಕು, ಅದರಲ್ಲಿ ರಾಜಿಯಿಲ್ಲ. ಹಾಗಾದರೆ ತುರ್ತು ಚಿಕಿತ್ಸೆಯ ಬಾಗಿಲು, ಆಂಬುಲೆನ್ಸ್ ದಾರಿ ಇವು ಬೇಲಿಯಿಂದ ದೂರವಿರುವ ಬದಿಗೆ ಬರಬೇಕು. ಕಂಬಗಳು ಗಿಡ್ಡವಿದ್ದು ದೀಪಗಳು ಕೆಳಮುಖವಾಗಿರಬೇಕು. ವಾಹನಗಳ ಪ್ರವೇಶಕ್ಕೆ ಹೊಸದಾಗಿ ಬೇಲಿ ಕಡಿಯುವ ಮೊದಲು ರೈತರು ಬಿಟ್ಟ ಹಳೆಯ ಗೇಟು ಸಾಕಾಗುವುದೇ ಎಂದು ನೋಡಬೇಕು.

ಇಂಗ್ಲೆಂಡಿನಲ್ಲಿ 2024ರ ಫೆಬ್ರವರಿಯಿಂದ ಹೆಚ್ಚಿನ ಹೊಸ ನಿರ್ಮಾಣಗಳು ಜೀವಿವೈವಿಧ್ಯವನ್ನು ಕನಿಷ್ಠ 10% ಹೆಚ್ಚಿಸಿ ತೋರಿಸಬೇಕೆಂಬ ಕಾನೂನು ಬಂದಿದೆ. ಬೇಲಿಗೆ ಪ್ರತ್ಯೇಕ ಲೆಕ್ಕ; ಬೇಲಿ ಕಳೆದು ಕೊಳ ತೋಡಿದರೆ ನಡೆಯದು. ಇದು ಒಳ್ಳೆಯದೇ. ಆದರೂ ಹಳೆಯ ಸಾಲನ್ನು ಕಡಿದು ಬೇರೆ ಮೂಲೆಯಲ್ಲಿ ಉದ್ದನೆಯ ಹೊಸ ಬೇಲಿ ನೆಟ್ಟರೆ ಅಂಕಗಳು ಕೂಡಿಬರಬಹುದು, ಬಾವಲಿಯ ದಾರಿ ಮಾತ್ರ ಕೂಡುವುದಿಲ್ಲ.

ಇನ್ನು ನಿರ್ವಹಣೆ. ಪ್ರತಿವರ್ಷ ಒಂದೇ ಎತ್ತರಕ್ಕೆ ಯಂತ್ರದಿಂದ ಸವರಿದ ಬೇಲಿ ಬುಡದಲ್ಲಿ ತೆಳುವಾಗುತ್ತ ಹೋಗುತ್ತದೆ. ಹಲವು ವರ್ಷಗಳಿಗೊಮ್ಮೆ ಕಾಂಡವನ್ನು ಬುಡದ ಹತ್ತಿರ ಮುಕ್ಕಾಲು ಭಾಗ ಕಡಿದು, ಓರೆಯಾಗಿ ಬಾಗಿಸಿದರೆ ಬುಡದಿಂದ ಹೊಸ ಚಿಗುರು ದಟ್ಟವಾಗಿ ಬರುತ್ತದೆ. ಇದು ಅಲ್ಲಿನ ರೈತರ ಹಳೆಯ ವಿದ್ಯೆ. ಆಸ್ಪತ್ರೆಯ ವಾರ್ಷಿಕ ಖರ್ಚಿನಲ್ಲಿ ಇದನ್ನು ಬಲ್ಲ ಕೆಲಸಗಾರರ ಕೂಲಿಯನ್ನೂ ಕಟ್ಟಡದ ನಕಾಶೆ ಮಾಡುವಾಗಲೇ ಸೇರಿಸಿಡಬೇಕಾಗುತ್ತದೆ.