ಆಯ್ಕೆಯಾಗದ ಮಕ್ಕಳಿಗೆ ಮೈದಾನ ಬೇಡವೇ?

ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟಗಳನ್ನು ನೋಡಿದವರಿಗೆ ಈ ದೃಶ್ಯ ಪರಿಚಿತ. ಸುಣ್ಣದ ಗೆರೆ ಎಳೆದ ಓಟದ ಪಥದಲ್ಲಿ ಆರೇಳು ಮಕ್ಕಳು ಓಡುತ್ತಿರುತ್ತಾರೆ. ಶಾಮಿಯಾನದ ಆಚೆ, ಬಿಸಿಲಿನಲ್ಲಿ ಸಾಲಾಗಿ ಕುಳಿತ ನೂರಾರು ಮಕ್ಕಳು ಚಪ್ಪಾಳೆ ತಟ್ಟುತ್ತಿರುತ್ತಾರೆ. ಸರ್ಕಾರಿ ಸೇವೆಯಲ್ಲಿದ್ದಾಗ ಇಂತಹ ಹಲವು ಕೂಟಗಳಿಗೆ ನಾನು ಅತಿಥಿಯಾಗಿ ಹೋಗಿದ್ದೇನೆ. ಗೆದ್ದವರ ಕೊರಳಿಗೆ ಪದಕ ಹಾಕಿ, ಆರೋಗ್ಯವೇ ಭಾಗ್ಯವೆಂದು ನಾಲ್ಕು ಮಾತನಾಡಿ ಹಿಂದಿರುಗಿದ್ದೇನೆ. ಚಪ್ಪಾಳೆ ತಟ್ಟಿದ ಮಕ್ಕಳು ವರ್ಷದ ಉಳಿದ ದಿನಗಳಲ್ಲಿ ಎಲ್ಲಿ ಆಡುತ್ತಾರೆ, ಆಡುತ್ತಾರೆಯೇ ಎಂದು ಒಮ್ಮೆಯೂ ಕೇಳಲಿಲ್ಲ.

ಕೇಳಬೇಕಾಗಿತ್ತು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಷ್ಟಾದರೂ ಉಸಿರಾಟ ಚುರುಕಾಗುವಂತಹ ದೈಹಿಕ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಆ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2016ರಲ್ಲಿ ಜಗತ್ತಿನ 11ರಿಂದ 17ರ ವಯೋಮಾನದ ಶಾಲಾ ಮಕ್ಕಳಲ್ಲಿ ಶೇ 81ರಷ್ಟು ಮಂದಿಗೆ ಸಾಕಷ್ಟು ಚಟುವಟಿಕೆ ಇರಲಿಲ್ಲ. ಹುಡುಗರಲ್ಲಿ ಈ ಪ್ರಮಾಣ ಶೇ 78 ಇದ್ದರೆ ಹುಡುಗಿಯರಲ್ಲಿ ಶೇ 85.

ಅರ್ಥಶಾಸ್ತ್ರದಲ್ಲಿ ಸೀಮಾಂತ ಪ್ರಯೋಜನ ಎಂಬ ಪರಿಕಲ್ಪನೆಯಿದೆ. ಹಸಿದವನಿಗೆ ಸಿಗುವ ಮೊದಲ ರೊಟ್ಟಿಯ ಬೆಲೆ, ಉಂಡು ತೇಗಿದವನ ಐದನೆಯ ರೊಟ್ಟಿಗೆ ಇರುವುದಿಲ್ಲ. ಕ್ರೀಡೆಗೂ ಈ ಮಾತು ಅನ್ವಯಿಸುತ್ತದೆ. ನಿತ್ಯ ಎರಡು ತಾಸು ಅಭ್ಯಾಸ ಮಾಡುವ ಪ್ರತಿಭಾವಂತನಿಗೆ ಮತ್ತೆ ಅರ್ಧ ತಾಸು ಸೇರಿಸುವುದಕ್ಕಿಂತ, ಎಂದೂ ಆಡದ ಮಗುವಿಗೆ ಮೊದಲ ಅರ್ಧ ತಾಸು ಒದಗಿಸುವುದರಿಂದ ದೊರೆಯುವ ಆರೋಗ್ಯಲಾಭ ಹೆಚ್ಚು. ನಮ್ಮ ವ್ಯವಸ್ಥೆ ನಡೆಯುತ್ತಿರುವುದು ಇದಕ್ಕೆ ವಿರುದ್ಧವಾಗಿ. ಚೆನ್ನಾಗಿ ಆಡುವವರನ್ನು ಆರಿಸಿ ತಾಲ್ಲೂಕು, ಜಿಲ್ಲಾ ಮಟ್ಟಕ್ಕೆ ಕಳಿಸುತ್ತೇವೆ. ಆಯ್ಕೆಯಾಗದವರನ್ನು ತರಗತಿಗೆ ಮರಳಿಸುತ್ತೇವೆ. ಪದಕಗಳು ಬೇಡವೆಂದಲ್ಲ. ಆದರೆ ಶಾಲೆಯ ಕ್ರೀಡೆಗೆ ಪದಕವೊಂದೇ ಅಳತೆಗೋಲಾಗಬಾರದು.

ಆಟದಿಂದ ಮೂಳೆ, ಸ್ನಾಯು, ಹೃದಯಗಳು ಬಲಗೊಳ್ಳುವುದು ಎಲ್ಲರಿಗೂ ತಿಳಿದಿರುವ ಸಂಗತಿ. ಅಷ್ಟೇ ಮುಖ್ಯವಾದುದು ಸ್ವಭಾವದ ತರಬೇತಿ. ಸಂಯಮ, ಛಲ, ಹೊಂದಾಣಿಕೆಯಂತಹ ಗುಣಗಳೂ ಬದುಕಿನ ಯಶಸ್ಸನ್ನು ರೂಪಿಸುತ್ತವೆ ಎಂದು 2000ದಲ್ಲಿ ನೊಬೆಲ್ ಪುರಸ್ಕೃತರಾದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಪ್ರತಿಪಾದಿಸುತ್ತ ಬಂದಿದ್ದಾರೆ. ನಮ್ಮ ಖೋ ಖೋ ಆಟವನ್ನೇ ನೋಡಿ. ಅಟ್ಟಿಸಿಕೊಂಡು ಹೋಗುವವನು ಹಿಂದೆ ತಿರುಗುವಂತಿಲ್ಲ. ತನ್ನಿಂದಾಗದಿದ್ದಾಗ ಕುಳಿತಿರುವ ಜೊತೆಗಾರನಿಗೆ ಖೋ ಕೊಟ್ಟು ಅವನ ಜಾಗದಲ್ಲಿ ಕೂರಬೇಕು. ತನ್ನ ಮಿತಿಯನ್ನು ಒಪ್ಪಿ ಅವಕಾಶವನ್ನು ಸಕಾಲದಲ್ಲಿ ಇನ್ನೊಬ್ಬರಿಗೆ ಬಿಟ್ಟುಕೊಡುವ ಈ ಪಾಠವನ್ನು ಯಾವ ಪಠ್ಯಪುಸ್ತಕವೂ ಇಷ್ಟು ಸುಲಭವಾಗಿ ಕಲಿಸಲಾರದು. ಸೋತು ಮರುದಿನ ಮತ್ತೆ ಆಡಲು ಬರುವ ಮಗುವಿಗೆ, ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಬದುಕೇ ಮುಗಿಯಲಿಲ್ಲವೆಂಬ ಅರಿವೂ ಬಂದೀತು.

ಆಟಕ್ಕೆ ಕೊಟ್ಟ ಸಮಯ ಓದಿನಿಂದ ಕಡಿತವಾಗುತ್ತದೆ ಎಂಬುದು ಪೋಷಕರ ಆತಂಕ. ಹತ್ತನೆಯ ತರಗತಿಯ ಮಕ್ಕಳ ಆಟದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವುದು ಈ ಆತಂಕದಿಂದಲೇ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2010ರಲ್ಲಿ 50 ಅಧ್ಯಯನಗಳನ್ನು ಪರಿಶೀಲಿಸಿತು. ದೈಹಿಕ ಚಟುವಟಿಕೆಯು ಕಲಿಕೆಗೆ ಪೂರಕವಾಗಿದ್ದ ನಿದರ್ಶನಗಳು ಅರ್ಧದಷ್ಟಿದ್ದವು. ಬಾಧಕವಾದ ನಿದರ್ಶನಗಳು ತೀರಾ ವಿರಳ. ಕಸಿದುಕೊಂಡ ಆಟದ ಅವಧಿಯಿಂದ ಅಂಕ ಹೆಚ್ಚುತ್ತದೆಂಬ ನಂಬಿಕೆಗೆ ಗಟ್ಟಿಯಾದ ಆಧಾರವಿಲ್ಲ.

ಹಣದ ಕೊರತೆಯೂ ಪೂರ್ಣ ಸಮಜಾಯಿಷಿಯಾಗದು. ಖೋ ಖೋ ಆಡಲು ಸುಮಾರು 30 ಮೀಟರ್ ಉದ್ದ, 16 ಮೀಟರ್ ಅಗಲದ ನೆಲ ಮತ್ತು ಎರಡು ಕಂಬಗಳು ಸಾಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷರ ಹಾಗೂ ಮಹಿಳೆಯರ ತಂಡಗಳೆರಡೂ ಗೆದ್ದವು. ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಗ್ರಾಮೀಣ ಪ್ರತಿಭೆ ಬಿ. ಚೈತ್ರಾ ಇದ್ದರು. ಹೆಣ್ಣುಮಕ್ಕಳಿಗೆ ಅವಕಾಶ ಸಿಕ್ಕರೆ ಏನಾಗಬಹುದೆಂಬುದಕ್ಕೆ ಇದು ಸಾಕ್ಷಿ. ಆದರೆ ಪ್ರೌಢಶಾಲೆಗೆ ಬರುತ್ತಲೇ ಎಷ್ಟೋ ಹುಡುಗಿಯರು ಮೈದಾನದಿಂದ ದೂರವಾಗುತ್ತಾರೆ. ಅವರನ್ನು ಉಳಿಸಿಕೊಳ್ಳಲು ಶುಚಿಯಾದ ಶೌಚಾಲಯ, ಬಟ್ಟೆ ಬದಲಿಸಲು ಒಂದು ಕೊಠಡಿ, ಹುಡುಗರ ಕ್ರಿಕೆಟ್ ಆಕ್ರಮಿಸದ ಒಂದಿಷ್ಟು ನೆಲ ಇವು ಮೊದಲು ಬೇಕು.

ಕಾನೂನೂ ಮಕ್ಕಳ ಪರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಇರಬೇಕಾದ ಸೌಲಭ್ಯಗಳ ಪೈಕಿ ಆಟದ ಮೈದಾನವೂ ಸೇರಿದೆ. ಆರರಿಂದ ಎಂಟನೆಯ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕೆಂದೂ ಅದು ವಿಧಿಸುತ್ತದೆ. ಆದರೆ ಕಡತಗಳ ಭಾಷೆ ಬೇರೆ. ಶಾಲೆಯೊಂದರ ಮೈದಾನದ ಅರ್ಧಭಾಗವನ್ನು ಕಟ್ಟಡಕ್ಕೆ ಬಿಟ್ಟುಕೊಡುವ ಪ್ರಸ್ತಾವಕ್ಕೆ ನಾನೂ ಒಮ್ಮೆ ಸಮ್ಮತಿಸಿ ಸಹಿ ಮಾಡಿದ್ದೆ. ಬೇರೆಡೆ ನಿವೇಶನ ಕೊಳ್ಳುವ ವೆಚ್ಚ ಉಳಿಯುತ್ತದೆ ಎಂಬುದು ಕಾರಣವಾಗಿತ್ತು. ಕಡತದಲ್ಲಿ ಆ ಮೈದಾನವನ್ನು ‘ಖಾಲಿ ಜಾಗ’ ಎಂದು ನಮೂದಿಸಲಾಗಿತ್ತು. ಅಲ್ಲಿ ನಿತ್ಯ ಎಷ್ಟು ಮಕ್ಕಳು ಆಡುತ್ತಾರೆಂದು ತಿಳಿಸುವ ಅಂಕಣವೇ ಅದರಲ್ಲಿರಲಿಲ್ಲ, ನಾನೂ ಕೇಳಲಿಲ್ಲ. ಇಂದು ಅದು ಉಳಿತಾಯವಾಗಿ ಕಾಣುತ್ತಿಲ್ಲ. ಮಕ್ಕಳ ಮೇಲೆ ಹೊರಿಸಿದ ಸಾಲವಾಗಿ ಕಾಣುತ್ತದೆ.

ಮಾಡಬೇಕಾದುದು ಅಸಾಧ್ಯವಾದುದೇನಲ್ಲ. ವೇಳಾಪಟ್ಟಿಯ ಆಟದ ಅವಧಿ ಬೇರೆ ವಿಷಯಗಳ ಪಾಲಾಗದಂತೆ ಮುಖ್ಯೋಪಾಧ್ಯಾಯರು ನೋಡಿಕೊಳ್ಳಲಿ. ಶಾಲೆಯ ವಾರ್ಷಿಕ ಕ್ರೀಡೋತ್ಸವದಲ್ಲಿ ಪ್ರತಿ ಮಗುವೂ ಒಂದು ಆಟದಲ್ಲಾದರೂ ಭಾಗವಹಿಸಲಿ. ಮೈದಾನವಿಲ್ಲದ ನಗರದ ಶಾಲೆಗಳಿಗೆ ಸಮೀಪದ ಸರ್ಕಾರಿ ಮೈದಾನಗಳು ನಿಗದಿತ ವೇಳೆಯಲ್ಲಿ ತೆರೆದಿರಲಿ. ಪೋಷಕರ ಸಭೆಯಲ್ಲಿ ‘ನಮ್ಮ ಮಗುವಿಗೆ ಎಷ್ಟು ಅಂಕ’ ಎಂದು ಕೇಳುವ ನಾವು, ‘ಈ ವಾರ ಎಷ್ಟು ಹೊತ್ತು ಆಡಿತು’ ಎಂದೂ ಕೇಳೋಣ. ಇನ್ನು ಶಾಲೆಯ ಮೈದಾನವನ್ನು ‘ಖಾಲಿ ಜಾಗ’ವೆಂದು ಬರೆದ ಕಡತ ಮುಂದೆ ಬಂದಾಗ, ಸಹಿ ಮಾಡುವ ಮುನ್ನ ಅಧಿಕಾರಿಗಳು ಒಂದು ಸಂಜೆ ಅಲ್ಲಿಗೆ ಹೋಗಿ ನೋಡಿ ಬರಲಿ.