ಮಕ್ಕಳಲ್ಲಿ ಕಿವಿಯ ಹಿಂದಿನ ಬಾವು

ಮಗುವಿನ ಕಿವಿ ಸೋರಿದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಎರಡು ಹನಿ ಬಿಟ್ಟು ಸುಮ್ಮನಾಗುವ ರೂಢಿ ಅನೇಕ ಮನೆಗಳಲ್ಲಿ ಇನ್ನೂ ಉಳಿದಿದೆ. ಸೋರುವುದು ನಿಂತೊಡನೆ ರೋಗ ವಾಸಿಯಾಯಿತೆಂದು ತಂದೆತಾಯಿಗಳು ಭಾವಿಸುತ್ತಾರೆ. ಆದರೆ ಕೀವು ಹೊರಕ್ಕೆ ಬಾರದೆ ಒಳಕ್ಕೆ ಹರಡುವುದೂ ಉಂಟು.

ಕಿವಿಯ ಹಿಂದೆ ಬೆರಳಿಗೆ ಗಟ್ಟಿಯಾಗಿ ತಾಗುವ ಎಲುಬಿಗೆ ಮ್ಯಾಸ್ಟಾಯ್ಡ್ ಎಂದು ಹೆಸರು. ಹೊರಗೆ ಗಟ್ಟಿಯಾದರೂ ಒಳಗೆ ಇದು ಜೇನುಗೂಡಿನಂತೆ ಗಾಳಿ ತುಂಬಿದ ಪುಟ್ಟ ಕೋಶಗಳಿಂದ ಕೂಡಿದ್ದು, ನಡುಗಿವಿಯೊಡನೆ ನೇರ ಸಂಪರ್ಕ ಹೊಂದಿದೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ನಾಳವು ಮಕ್ಕಳಲ್ಲಿ ಗಿಡ್ಡವಾಗಿಯೂ ಅಡ್ಡವಾಗಿಯೂ ಇರುವುದರಿಂದ ನೆಗಡಿಯ ಸೋಂಕು ಸುಲಭವಾಗಿ ಕಿವಿಗೇರಿ, ಅಲ್ಲಿಂದ ಈ ಎಲುಬನ್ನು ಹೊಗುತ್ತದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಈ ಭಯ ಹೆಚ್ಚು.

ಜ್ವರ, ಎಡೆಬಿಡದ ಅಳು, ಕಿವಿಯ ಹಿಂದೆ ಕೆಂಪಾದ ಊತ, ಮುಟ್ಟಿದರೆ ನೋವು, ಇವು ಮುಖ್ಯ ಲಕ್ಷಣಗಳು. ಊತ ಹೆಚ್ಚಿದಂತೆ ಹೊರಗಿವಿಯು ಮುಂದಕ್ಕೆ ತಳ್ಳಲ್ಪಟ್ಟು, ಎದುರಿನಿಂದ ನೋಡಿದಾಗ ಎರಡು ಕಿವಿಗಳೂ ಸಮನಾಗಿ ಕಾಣುವುದಿಲ್ಲ. ಮಂಗನಬಾವಿನಲ್ಲಿ ಊತವು ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿರುತ್ತದೆ. ಈ ಭೇದವನ್ನು ತಾಯಂದಿರು ತಿಳಿದಿರುವುದು ಲೇಸು. ಕಿವಿಯ ಹಿಂದೆ ಊದಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮಿದುಳು ಈ ಎಲುಬಿಗೆ ತೀರ ಸಮೀಪದಲ್ಲಿದೆ. ವಾಂತಿ, ತೀವ್ರ ತಲೆನೋವು, ಮಂಪರು, ಬಾಯಿ ಸೊಟ್ಟಗಾಗುವುದು, ಇವುಗಳಲ್ಲಿ ಒಂದು ಕಂಡರೂ ಗಳಿಗೆಯನ್ನೂ ಕಳೆಯಬಾರದು.

ವೈದ್ಯರು ದೀಪವುಳ್ಳ ಉಪಕರಣದಿಂದ ಕಿವಿಯ ತಮಟೆಯನ್ನು ಪರೀಕ್ಷಿಸುತ್ತಾರೆ. ರಕ್ತಪರೀಕ್ಷೆಯೂ, ರೋಗ ಒಳಕ್ಕೆ ಹಬ್ಬಿರುವ ಶಂಕೆಯಿದ್ದರೆ ಸಿ.ಟಿ. ಸ್ಕ್ಯಾನ್ ಕೂಡ ಬೇಕಾಗಬಹುದು. ಪೆನಿಸಿಲಿನ್ ಬರುವ ಮುನ್ನ ಎಲುಬನ್ನು ಕೊರೆದು ಕೀವು ತೆಗೆಯುವುದೇ ಇದಕ್ಕೆ ಮುಖ್ಯ ಚಿಕಿತ್ಸೆಯಾಗಿತ್ತು. ಈಗ ಮಗುವನ್ನು ಆಸ್ಪತ್ರೆಯಲ್ಲಿರಿಸಿಕೊಂಡು ರಕ್ತನಾಳದ ಮೂಲಕ ಆಂಟಿಬಯಾಟಿಕ್ ಕೊಡುತ್ತಾರೆ; ತಮಟೆಯಲ್ಲಿ ಚಿಕ್ಕ ರಂಧ್ರ ಮಾಡಿ ಕೀವಿಗೆ ದಾರಿ ಮಾಡುವುದೂ ಉಂಟು. ಇದರಿಂದ ಗುಣ ಕಾಣದಿದ್ದರೆ ಮಾತ್ರ ಎಲುಬಿನ ಶಸ್ತ್ರಕ್ರಿಯೆ. ಜ್ವರ ಇಳಿಯಿತೆಂದು ಮನೆಗೆ ಬಂದ ಮೇಲೆ ಔಷಧವನ್ನು ಅರ್ಧಕ್ಕೆ ಬಿಡುವುದು ಅಪಾಯಕರ. ಗುಣವಾದ ನಂತರ ಶ್ರವಣ ಪರೀಕ್ಷೆ ಮಾಡಿಸುವುದು ಅವಶ್ಯಕ; ಕಿವಿ ಮಂದವಾದ ಕೂಸಿಗೆ ಮಾತು ಬರುವುದೂ ತಡವಾಗುತ್ತದೆ.

ಈ ರೋಗಕ್ಕೆ ಬಹುಮಟ್ಟಿಗೆ ಕಾರಣವಾದ ನ್ಯುಮೋಕಾಕಸ್ ರೋಗಾಣುವಿನ ವಿರುದ್ಧದ ಲಸಿಕೆಯು 2021ರಿಂದ ದೇಶಾದ್ಯಂತ ಸರಕಾರಿ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತಿದೆ. ಅದನ್ನು 6 ಮತ್ತು 14ನೆಯ ವಾರಗಳಲ್ಲಿ, ಅನಂತರ 9ನೆಯ ತಿಂಗಳಲ್ಲಿ ಹಾಕಿಸಬೇಕು. ಹೆರಿಗೆಗೆಂದು ತವರಿಗೆ ಹೋದ ತಾಯಂದಿರು ನಗರಕ್ಕೆ ಮರಳುವಾಗ ಮಗುವಿನ ಲಸಿಕೆಯ ಕಾರ್ಡನ್ನು ಮರೆಯದೆ ತಂದರೆ, ಊರಿನಲ್ಲಿ ಆರಂಭವಾದುದನ್ನು ಇಲ್ಲಿಯ ಆರೋಗ್ಯ ಕೇಂದ್ರದಲ್ಲಿ ಪೂರ್ಣಗೊಳಿಸಬಹುದು.