ಗಾಳಿಯ ದಾಹ, ಗಿಡದ ನೀರು

ಬೇಸಗೆಯ ನಡುಹಗಲಿನಲ್ಲಿ ಕುಂಬಳದ ಬಳ್ಳಿಯ ಎಲೆಗಳು ಜೋತುಬೀಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಯಾರೂ ನೀರೆರೆಯದಿದ್ದರೂ ಸಂಜೆಗೆ ಅವು ಮತ್ತೆ ನೆಟ್ಟಗಾಗುತ್ತವೆ. ನೆಲದಲ್ಲಿ ತೇವವಿದ್ದೂ ಹೀಗಾಗುವುದೇಕೆ? ಬೇರು ಹೀರುವುದಕ್ಕಿಂತ ಬೇಗನೆ ಎಲೆಯು ನೀರನ್ನು ಕಳೆದುಕೊಳ್ಳುವುದೇ ಕಾರಣ. ಎಲೆಯ ಸೂಕ್ಷ್ಮ ಪತ್ರರಂಧ್ರಗಳ ಮೂಲಕ ನೀರು ಆವಿಯಾಗಿ ಹೊರಹೋಗುವ ಈ ಕ್ರಿಯೆಗೆ ಬಾಷ್ಪವಿಸರ್ಜನೆಯೆಂದು ಹೆಸರು.

ಇದನ್ನು ತಕ್ಕಡಿಯಿಂದ ಅಳೆದವರಲ್ಲಿ ಇಂಗ್ಲೆಂಡಿನ ಸ್ಟೀಫನ್ ಹೇಲ್ಸನು ಅಗ್ರಗಣ್ಯನು. 1724ರ ಬೇಸಗೆಯಲ್ಲಿ ಆತನು ಸೂರ್ಯಕಾಂತಿಯ ಗಿಡವಿದ್ದ ಕುಂಡದ ಬಾಯಿಯನ್ನು ಸೀಸದ ತಗಡಿನಿಂದ ಮುಚ್ಚಿ, ಬೆಳಗ್ಗೆ ಮತ್ತು ಸಂಜೆ ಅದನ್ನು ತೂಗಿದನು. ಹಗಲಿನ 12 ಗಂಟೆಗಳಲ್ಲಿ ಗಿಡವು ಸರಾಸರಿ 20 ಔನ್ಸು ನೀರನ್ನು ಕಳೆದುಕೊಂಡಿತು; ಬೆಚ್ಚನೆಯ ಒಣ ರಾತ್ರಿಯಲ್ಲಿ ಸುಮಾರು 3 ಔನ್ಸು; ಇಬ್ಬನಿ ಬಿದ್ದ ರಾತ್ರಿಯಲ್ಲಿ ನಷ್ಟವೇ ಇರಲಿಲ್ಲ. ಈ ವಿವರಗಳು 1727ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದುವು.

ಈ ವ್ಯತ್ಯಾಸದ ಮರ್ಮವು ಭೌತಶಾಸ್ತ್ರದಲ್ಲಿದೆ. ಎಲೆಯೊಳಗಿನ ಗಾಳಿಯು ಬಹುಮಟ್ಟಿಗೆ ಆವಿಯಿಂದ ಸಂತೃಪ್ತವಾಗಿರುತ್ತದೆ, ಹೊರಗಿನದು ಹಾಗಿರುವುದಿಲ್ಲ. ಎರಡೆಡೆಯ ಆವಿಯ ಒತ್ತಡಗಳ ಅಂತರವನ್ನು ನಾವು ಗಾಳಿಯ ದಾಹವೆಂದು ಕರೆಯಬಹುದು. ಸಂತೃಪ್ತ ಆವಿಯ ಒತ್ತಡವು 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಪಾದರಸದ 17.5 ಮಿಲಿಮೀಟರು, 35 ಡಿಗ್ರಿಯಲ್ಲಿ 42.2. ಎಲೆಯೂ ಗಾಳಿಯೂ ಒಂದೇ ಉಷ್ಣತೆಯಲ್ಲಿದ್ದು, ಸಾಪೇಕ್ಷ ಆರ್ದ್ರತೆ ಎರಡು ಸಲವೂ ನೂರಕ್ಕೆ 50 ಇದೆಯೆಂದು ಭಾವಿಸೋಣ. ಆಗ ಅಂತರವು ಮೊದಲ ಸಲ ಸುಮಾರು 8.8, ಎರಡನೆಯ ಸಲ 21.1 ಮಿಲಿಮೀಟರು. ಆರ್ದ್ರತೆಯ ಅಂಕಿ ಬದಲಾಗದಿದ್ದರೂ ದಾಹವು ಎರಡು ಪಟ್ಟನ್ನು ಮೀರಿತು! ಮಂಗಳೂರಿನ ಸೆಕೆಯಲ್ಲಿ ನಮ್ಮ ಬೆವರು ಆರದು. ರಾಯಚೂರಿನ ಒಣಬಿಸಿಲಿನಲ್ಲಿ ಬೇಗ ಆರುತ್ತದೆ. ಎಲೆಗೂ ಇದೇ ನಿಯಮ.

ಗಾಳಿ ನಿಶ್ಚಲವಾಗಿದ್ದಾಗ ಎಲೆಯ ಮೇಲೆ ತೇವದ ತೆಳುಪದರವೊಂದು ನಿಲ್ಲುತ್ತದೆ. ಬೀಸುಗಾಳಿ ಅದನ್ನು ಒಯ್ದು ಒಣಗಾಳಿಯನ್ನು ತರುತ್ತದೆ. ಬೆಳಕಾದರೋ ಎಲೆಯನ್ನು ಬಿಸಿಮಾಡುವುದಲ್ಲದೆ ಪತ್ರರಂಧ್ರಗಳನ್ನೂ ತೆರೆಸುತ್ತದೆ.

ನೀರು ಸಾಲದಾದಾಗ ಗಿಡವು ಆಬ್ಸಿಸಿಕ್ ಆಮ್ಲವೆಂಬ ಹಾರ್ಮೋನನ್ನು ಉಂಟುಮಾಡಿ ರಂಧ್ರಗಳನ್ನು ಮುಚ್ಚುತ್ತದೆ. ಆದರೆ ಆಹಾರ ತಯಾರಿಕೆಗೆ ಬೇಕಾದ ಇಂಗಾಲದ ಡೈಆಕ್ಸೈಡು ಬರುವುದೂ ಅದೇ ಬಾಗಿಲಿನಿಂದ. ತೆರೆದರೆ ಬಾಯಾರಿಕೆ, ಮುಚ್ಚಿದರೆ ಹಸಿವು! ಬೆಳೆಯ ಇಳುವರಿಯು ಈ ಇಕ್ಕಟ್ಟಿನಲ್ಲಿ ಸಿಲುಕಿದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಸಂತೃಪ್ತ ಆವಿಯ ಒತ್ತಡವು ನೂರಕ್ಕೆ ಸುಮಾರು 6ರಷ್ಟು ಏರುತ್ತದೆ. ಭೂಮಿ ಬೆಚ್ಚಗಾಗುತ್ತಿರುವ ಈ ಕಾಲದಲ್ಲಿ, ಮಳೆ ಕಡಮೆಯಾಗದಿದ್ದರೂ ಬೆಳೆ ಬಾಯಾರಬಹುದೆಂಬುದನ್ನು ನಾವು ಮರೆಯಬಾರದು.

ರೈತನು ಸಸಿಯನ್ನು ಇಳಿಹೊತ್ತಿನಲ್ಲಿ ನೆಡುತ್ತಾನೆ, ಎಳೆಯ ಗಿಡಕ್ಕೆ ಚಪ್ಪರ ಹಾಕುತ್ತಾನೆ, ಹೊಲದಂಚಿನಲ್ಲಿ ಮರಗಳ ಸಾಲನ್ನು ಬೆಳೆಸುತ್ತಾನೆ. ಮೊದಲನೆಯದು ಗಾಳಿಯ ದಾಹ ತಗ್ಗುವ ಹೊತ್ತನ್ನು ಆರಿಸಿಕೊಳ್ಳುತ್ತದೆ. ಎರಡನೆಯದು ಬಿಸಿಲನ್ನೂ ಮೂರನೆಯದು ಬೀಸುಗಾಳಿಯನ್ನೂ ತಡೆಯುತ್ತದೆ. ಅನುಭವವು ಕಲಿಸಿದ್ದನ್ನು ಭೌತಶಾಸ್ತ್ರವು ಅಂಕಿಗಳಲ್ಲಿ ತೋರಿಸಿಕೊಡುತ್ತದೆ.